ಅಗಿಯುವ ರಾಜ

ಅತ್ತೆ ಕ್ಯಾರೆಟ್ ಕಚ್ಚಿದ್ದೇ ತಡ, ಅಳಿಯ ಕೈಯಲ್ಲಿದ್ದ ಚಮಚ ಕೆಳಗಿಟ್ಟು, ಮೇಜಿನ ಮೇಲೆ ಅರ್ಧ ಮೈ ಬಾಗಿಸಿ, ಅವರ ಬಾಯಿಯನ್ನೇ ನೋಡತೊಡಗಿದ. ಅಂಥಿಂಥ ನೋಟವಲ್ಲ. ಇಲಿಬಿಲದ ಮುಂದೆ ಕೂತ ಬೆಕ್ಕು ಕೂಡ ಆಗೊಮ್ಮೆ ಈಗೊಮ್ಮೆ ರೆಪ್ಪೆ ಬಡಿಯುತ್ತದೆ. ಇವನು ಅದನ್ನೂ ಮರೆತಿದ್ದ. ಅತ್ತೆ ಬಂದ ದಿನದಿಂದ ಪ್ರತಿ ಊಟಕ್ಕೂ ಇದೇ ಕಥೆ. ಕೊನೆಗೆ ಅತ್ತೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು.

“ನಿನ್ನ ಗಂಡ ನನ್ನ ತುತ್ತು ಎಣಿಸ್ತಿದಾರೆ ಕಣೇ,” ಎಂದರು ಮಗಳಿಗೆ. ಅಳಿಯನ ಜೊತೆ ನೇರವಾಗಿ ಜಗಳಕ್ಕಿಳಿಯುವ ಜಾಯಮಾನ ಅವರದಲ್ಲ. “ಇಂಥ ಮನೇಲಿ ಇನ್ನೊಂದು ಗಳಿಗೆಯೂ ಇರಲ್ಲ ನಾನು.”

“ರೀ, ಏನಾದರೂ ಹೇಳ್ರೀ!” ಎಂದಳು ಮಗಳು.

ಅವನೇನೋ ಹೇಳಿದ. ಹೇಳದೇ ಇದ್ದಿದ್ದರೆ ವಾಸಿಯಿತ್ತು. “ಅತ್ತೆ, ದಯವಿಟ್ಟು ಇನ್ನೊಂದು ಸಲ ಕಚ್ಚಿ. ನುಂಗಬೇಡಿ, ನಿಧಾನವಾಗಿ ಅಗೀರಿ.”

ಅತ್ತೆ ಬಾಯಲ್ಲಿ ಉಳಿದಿದ್ದ ತುಂಡನ್ನು ಸಿಟ್ಟಿನಲ್ಲೇ ಅಗಿದು ನುಂಗಿ ಎದ್ದೇಬಿಟ್ಟರು. ಕೋಣೆಯಲ್ಲಿ ಬಟ್ಟೆಗಳನ್ನು ಚೀಲಕ್ಕೆ ತುರುಕುವ ಸದ್ದು ಕೇಳಿಸಿತು. ಮಗಳಿಗೆ ಅಳುವುದೊಂದು ಬಾಕಿ. ಮದುವೆಯಾದ ಮೇಲೆ ಅಮ್ಮ ಬಂದು ನಾಲ್ಕು ದಿನ ನಿಂತದ್ದು ಇದೇ ಮೊದಲು. ಅವಳು ಹಲ್ಲಿನ ಡಾಕ್ಟರು, ಕ್ಲಿನಿಕ್ಕಿಗೆ ರಜೆ ಹಾಕಿ ಕೂತಿದ್ದಳು. ಹೀಗೆ ಮುನಿಸಿಕೊಂಡು ಹೋದರೆ ಅಮ್ಮ ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡನೋ, “ಸಿಕ್ಕಿತು! ಕಣ್ಣಾರೆ ಕಂಡೆ!” ಎಂದು ಕೂಗುತ್ತಾ ಹಿಂದಿನ ಕೋಣೆಗೆ ಓಡಿದ. ಅಲ್ಲಿಂದ ಮರ ಉಜ್ಜುವ ಸದ್ದು.

ಅತ್ತೆ ಚೀಲ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಅವನು ತಲೆತುಂಬ ಮರದ ಹೊಟ್ಟು ಮೆತ್ತಿಕೊಂಡು ಅಡ್ಡ ನಿಂತಿದ್ದ. “ಅತ್ತೆ, ಆಮೇಲೆ ಬೇಕಾದರೆ ಬೈದೇ ಹೋಗಿ. ನಿಮ್ಮ ಕಾಲು ಹಿಡೀತೀನಿ, ಒಂದೇ ಒಂದು ನಿಮಿಷ ಒಳಗೆ ಬನ್ನಿ!”

ಅವನು ಬೊಂಬೆ ಮಾಡುವವನು. ಕೋಣೆಯ ಗೋಡೆಗಳ ಮೇಲೆ ಮೈಯಿಲ್ಲದ ತಲೆಗಳು ಮೊಳೆಗೆ ನೇತಾಡುತ್ತಿದ್ದವು, ಅಂಟಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮೇಜಿನ ದೀಪದ ಕೆಳಗೆ ಮಕ್ಕಳ ನಾಟಕದ ತಿಂಡಿಪೋತ ರಾಜನ ತಲೆ, ಕುಂಬಳಕಾಯಿ ಗಾತ್ರದ್ದು.

“ಇವನು ನಾಟಕದುದ್ದಕ್ಕೂ ತಿಂತಾನೇ ಇರಬೇಕು ಅತ್ತೆ. ಆದರೆ ಪಟ್ ಅಂತ ತೆರೀತಿದ್ದ, ಪಟ್ ಅಂತ ಮುಚ್ಚುತಿದ್ದ. ಮೊಸಳೆ! ನಾನು ದವಡೆಗೆ ಬಾಗಿಲಿನ ಕೀಲು ಹಾಕಿದ್ದೆ, ದಡ್ಡ! ನಮ್ಮ ದವಡೆ ಬಾಗಿಲಲ್ಲ. ಕಿವಿ ಮುಂದೆ ಬೆರಳಿಟ್ಟುಕೊಂಡು ಬಾಯಿ ತೆರೀರಿ, ನೋಡಿ, ಮೂಳೆ ತುದಿ ಮುಂದಕ್ಕೆ ಜಾರುತ್ತೆ!”

ಸಿಟ್ಟಿದ್ದರೂ ಅತ್ತೆಯ ಬೆರಳು ಕಿವಿಯ ಬಳಿಗೆ ಹೋಗಿತ್ತು. “ಹೌದಲ್ಲ!” ಎಂಬ ಮಾತು ಬಾಯಿತಪ್ಪಿ ಬಂತು.

“ಕೆನ್ನೆಯ ಸ್ನಾಯು ದವಡೆಯನ್ನ ಮೇಲಕ್ಕೆಳೆಯುತ್ತೆ. ಕಣ್ಣಿನ ಪಕ್ಕ ಬೀಸಣಿಗೆ ಥರ ಹರಡಿರೋದೂ ಮೇಲಕ್ಕೇ. ಇವೆರಡನ್ನೂ ರಬ್ಬರಿನಲ್ಲಿ ಕಟ್ಟಿದ್ದೆ. ಒಳಗೆ ಅಡಗಿ ಕೂತಿರೋ ಕಳ್ಳ ಇನ್ನೊಬ್ಬನಿದಾನೆ, ಮುಂದಕ್ಕೂ ಪಕ್ಕಕ್ಕೂ ಜಗ್ಗೋನು. ಅವನನ್ನ ಎಲ್ಲಿ ಕಟ್ಟಬೇಕು ಅಂತ ಇವಳ ಪುಸ್ತಕದಲ್ಲಿದೆ, ಎಷ್ಟು ಬಿಗಿ ಅಂತ ಇಲ್ಲ. ಅದಕ್ಕೇ ನಿಮ್ಮನ್ನ ನೋಡ್ತಿದ್ದೆ!”

“ನನ್ನನ್ನೇ ಯಾಕೆ? ಹೆಂಡತಿ ಇಲ್ಲವಾ ನಿಮಗೆ?”

“ಅವಳೆಲ್ಲಿ ಅಗೀತಾಳೆ? ನುಂಗ್ತಾಳೆ, ಓಡ್ತಾಳೆ. ಕನ್ನಡಿ ಮುಂದೆ ಕೂತು ತಿಂದರೆ ನನಗೇ ನಗು ಬರುತ್ತೆ.”

“ಒಂದು ಮಾತು ಮೊದಲೇ ಹೇಳಬಾರದಿತ್ತಾ?”

“ಹೇಳಿದ್ದರೆ ನೀವು ಫೋಟೋಗೆ ಕೂತ ಹಾಗೆ ಅಗೀತಿದ್ದಿರಿ!”

ಅತ್ತೆಯ ತುಟಿಯಂಚಿನಲ್ಲಿ ನಗು ಇಣುಕಿತು. ಅಳಿಯ ಉಸಿರು ಬಿಗಿಹಿಡಿದು ತಲೆಯ ಹಿಂದಿನ ದಾರ ಎಳೆದ. ರಾಜ ಬಾಯಿ ತೆರೆದ. ಕೆಳದವಡೆ ತುಸು ಮುಂದಕ್ಕೆ ಜಾರಿತು, ಪಕ್ಕಕ್ಕೆ ವಾಲಿತು, ಮೇಲೆದ್ದು ಹಲ್ಲಿಗೆ ಹಲ್ಲು ಉಜ್ಜಿಕೊಂಡು ಕೂಡಿತು. ಮತ್ತೆ. ಮತ್ತೆ. ಅಬ್ಬಾ, ಮರದ ತುಂಡು ರುಚಿ ನೋಡಿಕೊಂಡು ತಿನ್ನುತ್ತಿತ್ತು! ಮಗಳು ಚಪ್ಪಾಳೆ ತಟ್ಟಿ ಕುಣಿದಳು. ಅತ್ತೆ ಚೀಲ ನೆಲಕ್ಕಿಟ್ಟು, “ಅಯ್ಯೋ, ಥೇಟ್ ನಾನೇ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

“ನೀವೇ ಅತ್ತೆ, ನೀವೇ!” ಅಳಿಯ ಉಬ್ಬಿಹೋದ. “ನೋಡಿ, ಎಡಕ್ಕೇ ಅಗೀತಾನೆ. ತಪ್ಪಿಯೂ ಒಂದು ಸಲ ಬಲಕ್ಕೆ ಹೋಗಲ್ಲ, ನಿಮ್ಮ ಹಾಗೇ. ಬಲಕ್ಕೆ ಜಗ್ಗೋ ರಬ್ಬರ್ ಒಂದು ನನಗೆ ಉಳೀತು!”

ಮಗಳ ಚಪ್ಪಾಳೆ ನಿಂತಿತು. ಅವಳು ರಾಜನ ದವಡೆ ನೋಡಿದಳು, ಅಮ್ಮನ ಕೆನ್ನೆ ನೋಡಿದಳು. ಹೀಗೆ ಒಂದೇ ಕಡೆ ಅಗಿಯುವವರು ಅವಳ ಕ್ಲಿನಿಕ್ಕಿಗೆ ದಿನಾ ಬರುತ್ತಾರೆ.

“ಅಮ್ಮಾ, ಬಲಗಡೆ ಯಾವಾಗಿನಿಂದ ನೋವು?”

“ಎಂಥ ನೋವೂ ಇಲ್ಲ. ಬಿಡು, ಬಸ್ಸಿಗೆ ಹೊತ್ತಾಯ್ತು.” ಅತ್ತೆ ಚೀಲಕ್ಕೆ ಕೈಹಾಕಿದರು. ಮಗಳು ಅದರ ಇನ್ನೊಂದು ಹಿಡಿ ಹಿಡಿದುಕೊಂಡಳು.

“ನಾನು ಹಲ್ಲಿನ ಡಾಕ್ಟರು ಅಮ್ಮಾ! ನನಗೆ ಹೇಳೋಕೇನು?”

“ನಿನಗೇ ಹೇಳೋಕಾಗಲ್ಲ ಕಣೇ!” ಅತ್ತೆ ಚೀಲ ಬಿಟ್ಟು ಬಲಗೆನ್ನೆಯನ್ನು ಅಂಗೈಯಿಂದ ಮುಚ್ಚಿಕೊಂಡರು. “ನಿನಗೆ ಮೊದಲನೇ ಹಲ್ಲು ಬಂದಾಗ ಸೊಂಟದ ಮೇಲೆ ಕೂರಿಸಿಕೊಂಡು ಮನೆಮನೆಗೂ ತೋರಿಸಿ ಬಂದವಳು ನಾನು. ಈಗ ನನ್ನ ಹುಳುಕು ಹಲ್ಲನ್ನ ನಿನಗೆ ಹೇಗೆ ತೋರಿಸಲಿ?”

ಮಗಳು ರಾಜನ ಮೇಲಿದ್ದ ದೀಪವನ್ನು ಅಮ್ಮನ ಕಡೆ ತಿರುಗಿಸಿದಳು. ಮೆಲ್ಲಗೆ ಗಲ್ಲ ಹಿಡಿದು, “ಎಲ್ಲಿ, ಆ ಅನ್ನು,” ಎಂದಳು.

ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಬಾಯಿ ತೆರೆದರು.