ಕೆಂಚಿಗೆ ಕೊಯ್ದ ಕಿಂಡಿ

ಬೇವಿನ ಕಟ್ಟಿಗೆ ಕೊಯ್ಯುವ ಕಹಿ ವಾಸನೆ ಬಂದರೆ ಇವತ್ತಿಗೂ ನನಗೆ ಹನುಮಸಾಗರದ ನಮ್ಮ ಮನೆಯ ಹಿತ್ತಲ ಬಾಗಿಲು ನೆನಪಾಗುತ್ತದೆ.

ನಮ್ಮ ನಾಯಿ ಕೆಂಚಿ ಒಳಗೆ ಬರಲು ಆ ಬಾಗಿಲನ್ನು ಕೆರೆದು ಕೆರೆದು ಕಾಲಿನ ಉಗುರು ಕಿತ್ತುಕೊಂಡಿತ್ತು. ಒಂದು ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ಅವ್ವ ಬಾಗಿಲನ್ನು ಬಿಚ್ಚಿ ಅಂಗಳದಲ್ಲಿ ಹಾಸಿದಳು. ಅದರ ಕೆಳಗಿನ ತುದಿಗೆ ಇದ್ದಿಲಿನಿಂದ ಚೌಕ ಬರೆದು, ಪಕ್ಕದ ಮನೆಯಿಂದ ಕೇಳಿ ತಂದ ಗರಗಸ ಹಿಡಿದಳು. ಅಲುಗಾಡಬಾರದೆಂದು ನನ್ನನ್ನು ಬಾಗಿಲ ಮೇಲೆ ಕೂರಿಸಿದಳು. ಕಟ್ಟಿಗೆಯ ಬೆಚ್ಚನೆಯ ಪುಡಿ ನನ್ನ ಪಾದದ ಮೇಲೆ ಉದುರತೊಡಗಿತು.

ಸದ್ದಿಗೆ ಅಜ್ಜಿ ಎದ್ದು ಬಂದಳು. ಅದು ಅಜ್ಜ ತನ್ನ ಕೈಯಾರೆ ಮಾಡಿದ ಬಾಗಿಲು. ಅವ್ವನ ಕೈ ನಿಂತಿತು.

"ಏನ್ ಮಾಡಾಕತ್ತಿ?" ಎಂದಳು ಅಜ್ಜಿ.

"ಕೆಂಚಿಗೆ ಕಿಂಡಿ ಮಾಡಾಕತ್ತೀನ್ರಿ ಅತ್ತಿ. ಪಾಪ, ಉಗುರೆಲ್ಲಾ ರಕ್ತ ಆಗ್ಯಾವ್ರಿ."

ಅಜ್ಜಿ ಇದ್ದಿಲಿನ ಗೆರೆ ನೋಡಿದಳು. ನೆರಳಲ್ಲಿ ಮಲಗಿದ್ದ ಕೆಂಚಿಯನ್ನೂ ನೋಡಿದಳು.

"ಅದು ಬಸರೈತಿ, ನೋಡಿಲ್ಲೇನು? ಇಷ್ಟರಾಗ ಹೆಂಗ ಹಾಯ್ತೈತಿ? ಇನ್ನ ನಾಕ ಬೆರಳು ಅಗಲ ಕೊಯ್ಯಿ."

ಹಾಗೆಂದು ಅಜ್ಜಿ ನನ್ನ ಪಕ್ಕದಲ್ಲೇ ಬಾಗಿಲ ಮೇಲೆ ಕುಳಿತಳು. ಗರಗಸ ಮತ್ತೆ ಓಡತೊಡಗಿದಾಗ, ಅವಳ ಅಂಗೈ ಆ ಹಳೆಯ ಹಲಗೆಯನ್ನು ಮೆಲ್ಲಗೆ ಸವರುತ್ತಲೇ ಇತ್ತು.