ಎಡಗಡೆಯ ವೈಪರ್

“ಏಳಕ್ಕೊಂದು ಬಾಲ ಬರ್ಬೇಕು, ಮರೀಬೇಡ,” ಎಂದ ಭಾವ. ಭಾಮೈದ ತಲೆಯೆತ್ತಲಿಲ್ಲ. ಭೂತಗನ್ನಡಿಯ ಕೆಳಗೆ ಗೇಣುದ್ದದ ಆಟಿಕೆಯ ಡೀಸೆಲ್ ಇಂಜಿನ್ ಇತ್ತು. ಅದರ ಪಕ್ಕೆಯ ಮೇಲೆ ನಾಲ್ಕೇ ಕೂದಲಿನ ಕುಂಚದಿಂದ ನಂಬರ್ ಬರೆಯುತ್ತಿದ್ದ. ಹದಿನಾಲ್ಕು ವರ್ಷಗಳ ನಂತರ ಅವನು ಈ ಮನೆಯ ಮೆಟ್ಟಿಲು ಹತ್ತಿದ್ದೇ ಇದಕ್ಕಾಗಿ. “ಬೋರ್ಡ್ ಬರೆಯೋನು ನೀನಿರುವಾಗ ಹೊರಗಿನೋರನ್ನ ಯಾಕೋ ಕರೀಬೇಕು? ಹಳೇದೆಲ್ಲ ಬಿಡು, ಬಾ,” ಎಂದು ಅಕ್ಕ ಫೋನಿನಲ್ಲಿ ಅತ್ತಿದ್ದಳು.

ಇಂಜಿನ್ ಡಬ್ಬಿಯಿಂದ ತೆಗೆದು ಹಳಿಯ ಮೇಲಿಟ್ಟರೆ ಓಡುವಂಥದ್ದೇ. ಆದರೆ ಬರೀ ಓಡಿದರೆ ಭಾವನಿಗೆ ಸಾಕೇ? ಕಂಪನಿಯವರು ಕೊಟ್ಟ ದಪ್ಪ ಪ್ಲಾಸ್ಟಿಕ್ ಹಿಡಿಕಂಬಿಗಳನ್ನು ಬ್ಲೇಡಿನಿಂದ ಕೆತ್ತಿ ತೆಗೆದು, ಹಿತ್ತಾಳೆ ತಂತಿಯವನ್ನು ಕೂರಿಸಿದ್ದ. ಹೊಗೆ ಬರುವಲ್ಲಿ ಮಸಿ ಬಳಿದಿದ್ದ, ಗಾಲಿಗಳಿಗೆ ತುಕ್ಕಿನ ಬಣ್ಣದ ಧೂಳು ಉಜ್ಜಿದ್ದ. ಡೀಸೆಲ್ ಟ್ಯಾಂಕಿನ ಬಾಯಿಂದ ಎಣ್ಣೆ ಸೋರಿದ ಗೆರೆಯೊಂದನ್ನು ಎಳೆಯಲು ಒಂದು ವಾರ ತೆಗೆದುಕೊಂಡಿದ್ದ. ರೈಲ್ವೆಯಿಂದ ನಿವೃತ್ತನಾಗಿ ಎರಡು ವರ್ಷವಾಗಿತ್ತು. ಹೆಂಡತಿಯ ಮುಖವನ್ನು ಕೂಡ ಅವನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

“ಒಂಬತ್ತು ವರ್ಷ ನನ್ನ ಕೈಲಿದ್ದ ಗಾಡಿ ಕಣೋ. ಕೊನೇ ದಿನ ಹೇಗಿತ್ತೋ ಹಾಗೇ ಬರ್ಬೇಕು. ಒಂದು ನಟ್ಟು ಆಚೀಚೆ ಆದ್ರೂ ನಂಗೆ ನಿದ್ದೆ ಬರಲ್ಲ.”

ಕೊನೆಯ ದಿನ ಯಾವುದೆಂದು ಭಾಮೈದನಿಗೆ ಯಾರೂ ಹೇಳಬೇಕಿರಲಿಲ್ಲ. ಹದಿನಾಲ್ಕು ವರ್ಷದ ಹಿಂದಿನ ಆ ದಿನ ಬಲಗಡೆ ಕೂತು ಇಂಜಿನ್ ಓಡಿಸಿದವನು ಭಾವ. ಎಡಗಡೆ ಸಹಾಯಕನಾಗಿ ಕೂತಿದ್ದವನು ಇವನು. ಜಡಿಮಳೆ. ಎಡಕ್ಕೆ ತಿರುಗುವ ಹಳಿಯಾದ್ದರಿಂದ ಸಿಗ್ನಲ್ ನೋಡಿ ಕೂಗಬೇಕಾದದ್ದು ಎಡಗಡೆಯವನೇ. ಗಾಡಿ ಕೆಂಪು ದೀಪ ದಾಟಿಕೊಂಡು ಹೋಗಿ, ನಿಂತಿದ್ದ ಖಾಲಿ ಗೂಡ್ಸಿಗೆ ಗುದ್ದಿತು. ಯಾರ ಪ್ರಾಣವೂ ಹೋಗಲಿಲ್ಲ, ಹೋದದ್ದು ಇವನ ಕೆಲಸ. “ನನ್ನ ಕಡೆ ವೈಪರ್ರೇ ಇರಲಿಲ್ಲ. ಏನೂ ಕಾಣ್ತಿಲ್ಲ, ನಿಧಾನ ಮಾಡಿ ಅಂದೆ,” ಎಂದು ವಿಚಾರಣೆಯಲ್ಲಿ ಬಾಯಿ ಬಡಿದುಕೊಂಡ. ವೈಪರ್ ಇಲ್ಲದ ಇಂಜಿನ್ನನ್ನು ಶೆಡ್ಡಿನಿಂದ ಹೊರಡಿಸಿದರೆ ಅದು ಓಡಿಸುವವನ ತಪ್ಪಾಗುತ್ತದೆ. ಭಾವ ಎದ್ದು ನಿಂತು, “ಎರಡೂ ವೈಪರ್ ಚೆನ್ನಾಗಿದ್ವು ಸಾರ್. ಇವನು ಹಸಿರು ಅಂತ ಕೂಗಿದ,” ಎಂದುಬಿಟ್ಟ. ವಿಚಾರಣೆಯ ಹೊತ್ತಿಗೆ, ಗುದ್ದಿದಾಗ ಒಡೆದ ಗಾಜು ಬದಲಾಗಿ, ಎರಡೂ ಕಡೆ ಹೊಸ ವೈಪರ್ ಬಂದು ಕೂತಿದ್ದವು.

ಅಕ್ಕನೂ ಗಂಡನನ್ನೇ ನಂಬಿದಳು. “ತೂಕಡಿಸಿದ್ದೆ ಅಂತ ಒಪ್ಕೊಂಡು ಅವರ ಕಾಲಿಗೆ ಬೀಳೋ,” ಎಂದಿದ್ದಳು. ಅಪ್ಪ ಸಾಯುವವರೆಗೂ ಮಗನ ಜೊತೆ ನೆಟ್ಟಗೆ ಒಂದು ಮಾತಾಡಲಿಲ್ಲ.

ಏಳರ ಬಾಲ ಮುಗಿಸಿ ಭಾಮೈದ ಭೂತಗನ್ನಡಿಯನ್ನು ಇಂಜಿನ್ನಿನ ಮುಂದಕ್ಕೆ ಸರಿಸಿದ. ಕಣ್ಣನ್ನು ಇನ್ನೂ ಹತ್ತಿರ ತಂದ. ಇಲ್ಲೂ ಏನೋ ಕೆಡಿಸಿದೆನೇ?

“ಭಾವ, ಮುಂದಿನ ಗಾಜಿಂದು ಒಂದು ವೈಪರ್ ಬಿದ್ದೋಗಿದೆ. ನನ್ನ ಕೈ ತಾಗಿತೋ ಏನೋ. ಇಲ್ಲೇ ಎಲ್ಲೋ ಇರತ್ತೆ, ಹುಡುಕ್ತೀನಿ ಇರಿ.”

“ಬಿದ್ದಿಲ್ಲ ಕಣೋ, ನಾನೇ ಹಾಕಿಲ್ಲ!” ಭಾವನ ಮುಖ ಅರಳಿತು. ತನ್ನ ಕೆಲಸದ ಸೂಕ್ಷ್ಮ ಕಾಣುವ ಕಣ್ಣೊಂದು ಕೊನೆಗೂ ಸಿಕ್ಕಿತ್ತು. “ಪ್ಯಾಕೆಟ್ಟಲ್ಲಿ ಎರಡೂ ಬಂದಿತ್ತು. ಆದ್ರೆ ಎಡಗಡೇದು ಅವತ್ತು ಇರ್ಲೇ ಇಲ್ವಲ್ಲ, ಮುರಿದು ಬುಡ ಮಾತ್ರ ಉಳಿದಿತ್ತು. ಆ ಬುಡ ನೋಡು, ತಂತೀಲಿ ಹೇಗೆ ಮಾಡಿದೀನಿ! ಬೇರೆ ಯಾರಾದ್ರೂ ಆಗಿದ್ರೆ ಇದನ್ನ...”

ಹದಿನಾಲ್ಕು ವರ್ಷ ಬಾಯಿ ಹೇಳುತ್ತ ಬಂದ ಸುಳ್ಳನ್ನು ಭಾವ ತನ್ನ ಕೈಗಳಿಗೆ ಹೇಳಿಕೊಡಲು ಮರೆತಿದ್ದ. ಬಾಗಿಲಲ್ಲಿ ಅಕ್ಕ ಎರಡು ಲೋಟ ಚಹಾ ಹಿಡಿದು ನಿಂತಿದ್ದಳು. ಯಾವಾಗ ಬಂದಳೋ ಇಬ್ಬರೂ ನೋಡಿರಲಿಲ್ಲ.

ಭಾಮೈದ ಕುಂಚ ಕೆಳಗಿಟ್ಟ. ಈ ಒಂದು ಗಳಿಗೆಗಾಗಿ ಎಷ್ಟೋ ವರ್ಷ ಮನಸ್ಸಿನಲ್ಲೇ ಮಸೆದಿಟ್ಟುಕೊಂಡ ಮಾತುಗಳಿದ್ದವು. ಮೇಜು ಮಗುಚಿ ಹಾಕಬೇಕೆನ್ನುವಷ್ಟು ಸಿಟ್ಟೂ ಬಂತು. ಆದರೆ ಬಾಯಿಗೆ ಬಂದದ್ದು ಇಷ್ಟೇ: “ಅಪ್ಪ ಇದ್ದಿದ್ರೆ ತೋರಿಸಬಹುದಿತ್ತು.”

“ಅದು... ನಂಗೆ ಈಚೆಗೆ ಸರಿಯಾಗಿ ನೆನಪಿರಲ್ಲ ಕಣೋ. ವಯಸ್ಸಾಯ್ತು ನೋಡು. ಎರಡೂ ಇದ್ವು ಅನ್ಸತ್ತೆ. ಹೌದು, ಇದ್ವು.” ಭಾವ ಡ್ರಾಯರ್ ಎಳೆದು ತಡಕಾಡಿ ಪ್ಯಾಕೆಟ್ ಹರಿದ. ರೆಪ್ಪೆಕೂದಲಿನಷ್ಟಿದ್ದ ವೈಪರನ್ನು ಚಿಮಟದಲ್ಲಿ ಹಿಡಿದು ಅಂಟಿನಲ್ಲಿ ಅದ್ದಿ ಎಡಗಡೆಯ ಗಾಜಿಗೆ ತಂದ. ಅವಸರದಲ್ಲಿ ಅಂಟು ಹೆಚ್ಚಾಗಿತ್ತು. ಗಾಜಿನ ಹತ್ತಿರಕ್ಕೂ ತರಬಾರದ ಅಂಟು ಅದು, ಹಾಗೆಂದು ಬೇರೆಯವರಿಗೆ ತಾನೇ ಪಾಠ ಮಾಡುತ್ತಿದ್ದ. ಹನಿ ಜಾರಿ ಕಿಟಕಿಯ ತುಂಬ ಹರಡಿತು. ನೋಡನೋಡುತ್ತಿದ್ದಂತೆ ಗಾಜು ಬೆಳ್ಳಗೆ ಮಬ್ಬಾಯಿತು. ಬಟ್ಟೆಯಲ್ಲಿ ಒರೆಸಿದಷ್ಟೂ ಮಬ್ಬು ಹೆಚ್ಚಿತು.

ಅಕ್ಕ ಲೋಟಗಳನ್ನು ಮೇಜಿನ ಅಂಚಿಗಿಟ್ಟಳು. ತಮ್ಮನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಬಗ್ಗಿ, ಆ ಬಿಳಿಚಿದ ಗಾಜಿಗೆ ಕಣ್ಣು ಹತ್ತಿರ ತಂದು ತುಂಬ ಹೊತ್ತು ನೋಡಿದಳು.

“ರೀ,” ಎಂದಳು, “ಎಡಗಡೆ ಕೂತೋನಿಗೆ ಇದರಲ್ಲಿ ಸಿಗ್ನಲ್ ಕಾಣತ್ತಾ?”