ಶಭಾಷ್ ಎನ್ನುವ ಕಮೋಡ್

ಮನೆಯ ಸಾಮಾನುಗಳಿಗೆಲ್ಲ ಬಾಯಿ ಬಂದು ಹತ್ತು ವರ್ಷವಾಗಿತ್ತು. ಮಿಕ್ಸಿಯ ಗೊಣಗಾಟ, ಫ್ರಿಜ್ಜಿನ ಉಪದೇಶ ವನಜಾಕ್ಷಿಗೆ ಅಭ್ಯಾಸವಾಗಿ ಹೋಗಿದ್ದವು. ತಲೆ ತಿನ್ನುತ್ತಿದ್ದದ್ದು ಕಮೋಡ್ ಒಂದೇ.

ಆರು ವರ್ಷದ ಮಗಳು ಇಂಚರಳಿಗೆ ಆಟಿಸಂ. ಮಾತಿಲ್ಲ, ಜೋರು ಸದ್ದಾದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಜೂನ್ ಒಳಗೆ ಡಯಾಪರ್ ಬಿಡದಿದ್ದರೆ ಶಾಲೆಯಲ್ಲಿ ಜಾಗವಿಲ್ಲ ಎಂದಿದ್ದರು. ಚಡ್ಡಿ ಜಾರಿಸು, ಕೂರು, ತೊಳೆ, ನೀರು ಬಿಡು ಎಂದು ಹೇಳುವ ಚಿತ್ರಗಳನ್ನು ವನಜಾಕ್ಷಿ ಗೋಡೆಗೆ ಸಾಲಾಗಿ ಅಂಟಿಸಿದ್ದಳು. ಇಂಚರ ಅವನ್ನು ಮುಟ್ಟಿ ಮುಟ್ಟಿ ನೋಡಿ ಕೂರುತ್ತಿದ್ದಳು. ಕೂತದ್ದೇ ತಡ, ಕಮೋಡ್ "ಶಭಾಷ್ ಬಂಗಾರಿ!" ಎಂದು ಕೂಗುತ್ತಿತ್ತು. ಮಗು ಎದ್ದು ಓಡಿ ಸೋಫಾದ ಹಿಂದೆ ಕೆಲಸ ಮುಗಿಸುತ್ತಿತ್ತು.

"ಬಾಯ್ ಮುಚ್ಕೊಂಡಿರೋಕೆ ನಿಂಗೇನು ದಾಡಿ?" ಎಂದು ವನಜಾಕ್ಷಿ ರೇಗಿದಳು.

"ಮಕ್ಳನ್ನ ಹುರಿದುಂಬಿಸ್ಬೇಕು ಅಮ್ಮಾವ್ರೇ. ನಂಗೆ ತಡ್ಕೊಳಕ್ಕಾಗಲ್ಲ."

"ಮಗು ಕಲೀತಿರೋದೇ ಅದನ್ನ. ನಿಂಗೇ ಬರಲ್ವಲ್ಲೋ!"

ಮರುದಿನ ಇಂಚರ ತನ್ನ ಚಿತ್ರಗಳ ಡಬ್ಬಿ ಕೆದಕಿ, ತುಟಿಯ ಮೇಲೆ ಬೆರಳಿಟ್ಟ ಮುಖದ ಚಿತ್ರವೊಂದನ್ನು ತಂದಳು. ಅದನ್ನು ಕಮೋಡಿನ ಮುಚ್ಚಳಕ್ಕೆ ಅಂಟಿಸಿ, ಎರಡು ಸಲ ತಟ್ಟಿ ತೋರಿಸಿ, ಕೂತಳು.

ಕಮೋಡ್ ತುಟಿಪಿಟಕ್ಕೆನ್ನಲಿಲ್ಲ. ಸ್ವಲ್ಪ ಹೊತ್ತಿಗೆ ನೀರಿನಲ್ಲಿ ಸಣ್ಣ ಸದ್ದಾಯಿತು. ಶಭಾಷ್ ಗಂಟಲವರೆಗೆ ಬಂದು ಕಮೋಡ್ ಗಡಗಡ ನಡುಗಿತು, ಆದರೂ ನುಂಗಿಕೊಂಡಿತು. ಬಾಗಿಲಲ್ಲಿ ನಿಂತಿದ್ದ ವನಜಾಕ್ಷಿಯೂ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಮೂರು ತಿಂಗಳಿಂದ ಬಹುಮಾನಕ್ಕೆಂದು ಎತ್ತಿಟ್ಟಿದ್ದ ಚಿನ್ನದ ಬಣ್ಣದ ನಕ್ಷತ್ರದ ಸ್ಟಿಕರನ್ನು ವನಜಾಕ್ಷಿ ಕೈ ತೊಳೆದು ಬಂದ ಮಗಳ ಅಂಗೈಗಿಟ್ಟಳು. ಇಂಚರ ಅದನ್ನು ತಿರುಗಿಸಿ ನೋಡಿದಳು. ಆಮೇಲೆ ಒಳಗೆ ಹೋಗಿ ಕಮೋಡಿನ ಮುಚ್ಚಳಕ್ಕೆ ಅಂಟಿಸಿದಳು.